ಆಪರೇಷನ್ ನಡುವೆ ಮತ್ತೊಂದು ಸ್ಕ್ಯಾನ್ ಯಾಕೆ?



ಈ ಸಲದ ಗೋಡೆ ಪತ್ರಿಕೆಗೆ ನಾನು ಮಕ್ಕಳ ಮೆದುಳಿನ ಆಪರೇಷನ್ ಬಗ್ಗೆ ಬರೆದಿದ್ದೇನೆ. ನಮ್ಮ ಸೋದರತ್ತೆಯ ಮಗನಿಗೆ ಹೋದ ವರ್ಷ ಬೆಂಗಳೂರಿನಲ್ಲಿ ಈ ಆಪರೇಷನ್ ಆಯಿತು. ಆಗ ಅವನಿಗೆ ಐದು ವರ್ಷ. ಬೆಳಿಗ್ಗೆ ಎದ್ದ ಕೂಡಲೇ ತಲೆನೋವು ಅಂತ ಅಳುತ್ತಿದ್ದ, ವಾಂತಿ ಮಾಡುತ್ತಿದ್ದ. ಆಮೇಲೆ ನಡೆಯುವಾಗ ತೂರಾಡತೊಡಗಿದ. ಮನೆಯಲ್ಲಿ ದೃಷ್ಟಿ ತೆಗೆದರು, ತಾಯಿತ ಕಟ್ಟಿದರು. ಕಡಿಮೆಯಾಗಲಿಲ್ಲ. ಸ್ಕ್ಯಾನ್ ಮಾಡಿಸಿದಾಗ ತಲೆಯ ಹಿಂಭಾಗದ ಅನುಮಸ್ತಿಷ್ಕದಲ್ಲಿ ಗಡ್ಡೆ ಕಾಣಿಸಿತು. ನಾವು ಬೀಳದಂತೆ ನಡೆಯುವುದು ಈ ಭಾಗದಿಂದಲೇ.

ಆಪರೇಷನ್ ನಡುವೆ ಮತ್ತೆ ಸ್ಕ್ಯಾನ್ ಮಾಡುತ್ತೇವೆ ಎಂದು ಡಾಕ್ಟರು ಹೇಳಿದಾಗ ನಮ್ಮ ಮಾವ, “ಮೊದ್ಲೇ ಮಾಡೀರಲ್ರೀ ಸಾರ್, ಮತ್ಯಾಕ್ರಿ?” ಅಂತ ಕೇಳಿದರಂತೆ. ನನಗೂ ಅದೇ ಪ್ರಶ್ನೆ ಬಂತು.

ನಮ್ಮೂರ ಮ್ಯೂಸಿಯಂನಲ್ಲಿ ಹಂಪಿಯ ದೊಡ್ಡ ಮಾದರಿ ಇದೆ. ಅದನ್ನು ನೋಡಿಕೊಂಡು ಹೋದರೆ ಹಂಪಿಯಲ್ಲಿ ದಾರಿ ತಪ್ಪುವುದಿಲ್ಲ, ಯಾಕಂದರೆ ಅಲ್ಲಿನ ಗುಡ್ಡಗಳು ಜಾಗ ಬಿಟ್ಟು ಕದಲುವುದಿಲ್ಲ. ಆದರೆ ಮೆದುಳು ಕದಲುತ್ತದೆ! ಅದು ಬಹಳ ಮೆತ್ತಗೆ, ತಲೆಬುರುಡೆಯೊಳಗೆ ಒಂದು ದ್ರವದಲ್ಲಿ ತೇಲುತ್ತಿರುತ್ತದೆ. ಬುರುಡೆ ತೆರೆದಾಗ ಆ ದ್ರವ ಸ್ವಲ್ಪ ಹೊರಗೆ ಹೋಗುತ್ತದೆ. ಕೆರೆಯ ನೀರು ಇಳಿದರೆ ಅದರ ಮೇಲಿನ ಹರಿಗೋಲೂ ಇಳಿಯುತ್ತದಲ್ಲ, ಹಾಗೆ ಮೆದುಳು ಕುಸಿಯುತ್ತದೆ. ಗಡ್ಡೆ ತೆಗೆದಷ್ಟೂ ಪಕ್ಕದ ಭಾಗ ಸರಿಯುತ್ತದೆ. ಆಗ ಮೊದಲಿನ ಚಿತ್ರಕ್ಕೂ ಒಳಗಿನ ಮೆದುಳಿಗೂ ಹೊಂದುವುದಿಲ್ಲ.

ಗಡ್ಡೆ ಉಳಿದರೆ ಮತ್ತೆ ಬೆಳೆಯಬಹುದು. ಜಾಸ್ತಿ ಕತ್ತರಿಸಿದರೆ ಮಗುವಿನ ನಡಿಗೆ, ಮಾತು ಕೆಡಬಹುದು. ಉಸಿರಾಟ ನಡೆಸುವ ಮೆದುಳಿನ ಕಾಂಡವೂ ಅಲ್ಲೇ ಪಕ್ಕದಲ್ಲಿದೆ. ಅದಕ್ಕೇ ನಡುವೆ ಇನ್ನೊಮ್ಮೆ ನೋಡುವುದು. ಗರ್ಭಿಣಿಯರಿಗೆ ಮಾಡುವ ಅಲ್ಟ್ರಾಸೌಂಡ್ ಅನ್ನು ಮೆದುಳಿನ ಮೇಲೇ ಇಟ್ಟು ನೋಡುತ್ತಾರೆ. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಮಗು ಅರಿವಳಿಕೆಯಲ್ಲಿ ಇರುವಾಗಲೇ ಎಂ.ಆರ್.ಐ. ಮಾಡಿ, ಗಡ್ಡೆ ಉಳಿದಿದ್ದರೆ ಕೆಲಸ ಮುಂದುವರಿಸುತ್ತಾರೆ. ಎಂ.ಆರ್.ಐ. ದೊಡ್ಡ ಅಯಸ್ಕಾಂತ. ಕಬ್ಬಿಣದ ಸಾಮಾನನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಮೊದಲು ಎಲ್ಲಾ ಉಪಕರಣಗಳನ್ನು ಎಣಿಸಿ ದೂರ ಇಡಬೇಕು.

1895ರಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದರು. ಅದರಲ್ಲಿ ಮೂಳೆ ಚೆನ್ನಾಗಿ ಕಾಣುತ್ತದೆ, ಮೆತ್ತನೆಯ ಮೆದುಳು ಕಾಣುವುದಿಲ್ಲ. 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಸ್ಕ್ಯಾನ್ ಯಂತ್ರ ಮೊದಲ ಸಲ ರೋಗಿಯ ಮೆದುಳನ್ನು ತೋರಿಸಿತು. ಆಪರೇಷನ್ ನಡುವೆಯೇ ಎಂ.ಆರ್.ಐ. ನೋಡುವುದು 1994ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೆದುಳಿನ ಕಾಯಿಲೆಗಳಿಗೆಂದೇ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಅದು 1974ರಲ್ಲಿ ಆರಂಭವಾಯಿತು. ಅದರ ಮೊದಲ ನಿರ್ದೇಶಕರಾದ ಡಾ. ಆರ್. ಎಂ. ವರ್ಮ ಅವರೇ ಮೆದುಳಿನ ಶಸ್ತ್ರಚಿಕಿತ್ಸಕರು.

ಚಿತ್ರ ದಾರಿ ತೋರಿಸುತ್ತದೆ ಅಷ್ಟೇ, ಕೈ ಡಾಕ್ಟರದ್ದೇ. ಆಪರೇಷನ್ ಆದ ಮೇಲೆ ಕೆಲವು ದಿನ ನಮ್ಮ ಹುಡುಗ ಮಾತೇ ಆಡಲಿಲ್ಲ. ಅತ್ತೆ ಊಟ ಬಿಟ್ಟಿದ್ದರು. ಒಂದಿನ ಸಂಜೆ “ಅವ್ವಾ, ನೀರು” ಅಂದನಂತೆ. ಈಗ ಒಂದನೇ ತರಗತಿಗೆ ಹೋಗುತ್ತಾನೆ. ಇನ್ನೂ ಸ್ವಲ್ಪ ವಾಲಿಕೊಂಡು ನಡೆಯುತ್ತಾನೆ, ಹಿಂದಲೆಯಲ್ಲಿ ಹೊಲಿಗೆಯ ಗುರುತಿದೆ. ಅದನ್ನು ನೋಡಿ ಕೆಲವರು ನಗುತ್ತಾರೆ. ಅಂಥವರನ್ನು ಕಂಡರೆ ನಗಬೇಡಿ, ಆಟಕ್ಕೆ ಸೇರಿಸಿಕೊಳ್ಳಿ. ನಿಮ್ಮ ಮನೆಯ ಮಗು ದಿನಾ ಬೆಳಿಗ್ಗೆ ತಲೆನೋವು, ವಾಂತಿ ಅಂದರೆ ತಾಯಿತ ಕಟ್ಟಿ ಕಾಯಬೇಡಿ, ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

— ಏಳನೇ ತರಗತಿ ವಿದ್ಯಾರ್ಥಿನಿ, ಕಮಲಾಪುರ