ಮಾವನ ಯೆಜ್ಡಿಯೂ ಗೀಸರಿನ ಪ್ಲಗ್ಗೂ

ಸಮುದ್ರದ ಜೊತೆ ನೆಂಟಸ್ತನ, ಉಪ್ಪಿಗೆ ಬಡತನ ಅನ್ನುವ ಗಾದೆಯನ್ನು ಕಟ್ಟಿದವರು ನನ್ನನ್ನು ನೋಡಿಯೇ ಕಟ್ಟಿರಬೇಕು. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಬೈಕುಗಳನ್ನು ಹೆತ್ತು ದೇಶಕ್ಕೆಲ್ಲ ಹಂಚಿದ ಕಾರ್ಖಾನೆಯ ಕೂಗಳತೆಯಲ್ಲಿ ಬೆಳೆದ ನಾನು, ಐವತ್ತಾರು ತುಂಬಿದರೂ ಸ್ಕೂಟರಿನವನಾಗಿಯೇ ಉಳಿದಿದ್ದೇನೆ; ಅದೂ ಹೆಂಡತಿಯ ಹೆಸರಿನಲ್ಲಿರುವ ಸ್ಕೂಟರು.

ಯೆಜ್ಡಿ ಇದ್ದದ್ದು ನನ್ನ ಸೋದರಮಾವನ ಬಳಿ. ಅವನು ಬೀದಿಯ ತಿರುವಿಗೆ ಬಂದನೋ ಇಲ್ಲವೋ, ಜೋಡಿ ಸೈಲೆನ್ಸರುಗಳ ಡುಗುಡುಗು ನೇರ ಅಡುಗೆಮನೆಗೆ ನುಗ್ಗಿ, ಅಜ್ಜಿ ‘ಬಂದ ಕಣೇ’ ಎಂದು ಕಾಫಿಗೆ ಹಾಲಿಡುತ್ತಿದ್ದಳು. ಅವನು ಸ್ಟ್ಯಾಂಡು ಹಾಕಿ, ಕನ್ನಡಿಯಲ್ಲಿ ಕ್ರಾಪು ತೀಡಿಕೊಂಡು, ಹೊಸಿಲು ದಾಟುವುದಕ್ಕೂ ಹಾಲು ಉಕ್ಕುವುದಕ್ಕೂ ಸರಿಹೋಗುತ್ತಿತ್ತು. ಪೆಟ್ರೋಲಿಗೆ ಆಯಿಲು ಬೆರೆಸಿ ಕುಡಿಸಬೇಕಾದ ಟೂ ಸ್ಟ್ರೋಕ್ ಎಂಜಿನ್ನು ಬಿಡುತ್ತಿದ್ದ ನೀಲಿ ಹೊಗೆ ನಮಗೆ ದೇವರಮನೆಯ ಧೂಪಕ್ಕಿಂತ ಒಂದು ತೂಕ ಹೆಚ್ಚು. ಈಗ ಅದನ್ನು ಪರಿಸರ ಮಾಲಿನ್ಯ ಅನ್ನುತ್ತಾರೆ, ಅನ್ನಲಿ, ಸುಳ್ಳೇನಲ್ಲ. ಆದರೆ ಆ ಗಾಡಿಯ ಮಹಿಮೆ ಹೊಗೆಯಲ್ಲಿರಲಿಲ್ಲ, ಎಡಗಡೆಯ ಒಂದು ಲಿವರಿನಲ್ಲಿತ್ತು. ಮೇಲಕ್ಕೆ ತಿರುಗಿಸಿ ತುಳಿದರೆ ಅದೇ ಕಿಕ್ಕರು, ಮುಂದಕ್ಕೆ ಮಲಗಿಸಿದರೆ ಅದೇ ಗೇರು; ಅರ್ಧನಾರೀಶ್ವರ ತತ್ತ್ವವನ್ನು ಕಬ್ಬಿಣದಲ್ಲಿ ಮಾಡಿಟ್ಟಂತೆ. ಮುನಿಸಿಕೊಂಡ ದಿನ ಅದು ತಿರುಗಿ ಒದೆಯುತ್ತಿತ್ತು. ಅಂಥ ಪಾದಾಘಾತಕ್ಕೆ ಸಿಕ್ಕ ಮಾವ ಒಂದು ವಾರ ಕುಂಟುತ್ತಾ, ಮೆಟ್ಟಿಲಲ್ಲಿ ಜಾರಿದೆನೆಂದು ಸಾಧಿಸಿದನೇ ಹೊರತು ಗಾಡಿಯ ಮೇಲೆ ದೂರು ಹೇಳಲಿಲ್ಲ.

ನನಗೂ ಕೆಲಸ ಸಿಕ್ಕಿ, ಚೀಟಿ ಹಾಕಿ, ಆ ಚೀಟಿ ನನ್ನ ಪಾಲಿಗೆ ಬರುವ ಹೊತ್ತಿಗೆ ಸರಿಯಾಗಿ 1996 ಬಂದು ಕಾರ್ಖಾನೆಗೆ ಬೀಗ ಬಿತ್ತು. ಚೀಟಿಯ ದುಡ್ಡು ಗ್ರೈಂಡರಾಯಿತು. 2022ರಲ್ಲಿ ಯೆಜ್ಡಿ ಪುನರ್ಜನ್ಮ ತಾಳಿತೆಂದು ಓಡಿಹೋಗಿ ನೋಡಿದರೆ, ಹೆಸರು ಅದೇ, ಹುಟ್ಟೂರು ಮಾತ್ರ ಮಧ್ಯಪ್ರದೇಶದ ಪೀತಂಪುರ, ಎಂಜಿನ್ನು ಫೋರ್ ಸ್ಟ್ರೋಕು. ಲಕ್ಷಣವಾಗಿಯೇ ಇತ್ತು. ಪರಊರಲ್ಲಿ ಬೆಳೆದ ಮೊಮ್ಮಗ ರಜೆಗೆ ಬಂದಂತೆ, ಮೂಗು ತಾತನದು, ಮಾತು ಬೇರೆ.

ಹಾಗಾಗಿ ಈಗ ಕಣ್ಣು ಕರೆಂಟಿನ ಬೈಕಿನ ಮೇಲೆ. ಬೆಂಗಳೂರಿನ ಅಲ್ಟ್ರಾವಯಲೆಟ್‌ನವರು 2022ರಲ್ಲೇ ಎಫ್77 ಎಂಬುದನ್ನು ಬಿಟ್ಟರು, ದೊಡ್ಡದರಲ್ಲಿ 10.3 ಯೂನಿಟ್ ಹಿಡಿಸುವ ಬ್ಯಾಟರಿ, ಕಾಗದದ ಮೇಲೆ 307 ಕಿಲೋಮೀಟರು. ಕಾಗದದ ಮೇಲೆ ಎಂದೇಕೆ ಅಂದೆನೆಂದರೆ, ಪರೀಕ್ಷೆ ಮಾಡುವವರ ಹಿಂದೆ ಹೆಂಡತಿಯೂ ಅವಳ ತೊಡೆಯ ಮೇಲೆ ಸೋರೆಕಾಯಿಯೂ ಕೂತಿರುವುದಿಲ್ಲ. ಬೆಲೆಯನ್ನು ಕಡಿಮೆಗೇ ಹಿಡಿದು 3 ಲಕ್ಷವೆಂದು ಲೆಕ್ಕ ಹಾಕಿದೆ. ನಾನು ಓಡಾಡುವುದು ದಿನಕ್ಕೆ 12 ಕಿಲೋಮೀಟರು. ಪೆಟ್ರೋಲಿನಲ್ಲಿ 20 ರೂಪಾಯಿ ಉಳಿದರೂ ಅಸಲು ಕೈಗೆ ಬರಲು 41 ವರ್ಷ, ಅಂದರೆ ನನ್ನ ತೊಂಬತ್ತೇಳನೆಯ ವಯಸ್ಸು. ಅಷ್ಟರಲ್ಲಿ ನಾನಾಗಲಿ ಬ್ಯಾಟರಿಯಾಗಲಿ ಚಾರ್ಜು ಹಿಡಿಯುವ ಸ್ಥಿತಿಯಲ್ಲಿರುತ್ತೇವೆಯೆ? ದಿನಾ ನಲವತ್ತೈವತ್ತು ಕಿಲೋಮೀಟರು ಅಲೆಯುವ, ಸ್ವಂತ ಮೀಟರಿರುವ ಹುಡುಗ ಬಂದು ಕೇಳಿದರೆ, ಯೂನಿಟ್ಟಿಗೆ ಸುಮಾರು 30 ಕಿಲೋಮೀಟರು ಓಡುವ ಕರೆಂಟಿನ ಸ್ಕೂಟರು ಇವತ್ತೇ ತಗೋ ಕಣಪ್ಪ ಅನ್ನುತ್ತೇನೆ. ನನ್ನ ಮನೆಯಲ್ಲೋ, 15 ಆಂಪಿಯರಿನ ಪಾಯಿಂಟು ಇರುವುದು ಒಂದೇ, ಅದಕ್ಕೆ ಗೀಸರು ನೇತುಬಿದ್ದಿದೆ. ಬಚ್ಚಲ ಕಿಟಕಿಯಿಂದ ವೈರು ಎಳೆಯುವ ನನ್ನ ಯೋಜನೆಯನ್ನು ಆಲಿಸಿದ ಅರ್ಧಾಂಗಿ, ‘ಬಿಸಿನೀರೋ ಬೈಕೋ, ಒಂದು ಹೇಳಿ’ ಎಂದಳು.

ಆದರೂ ಚಪಲ. ಕಳೆದ ಭಾನುವಾರ ಒಂದು ಷೋರೂಮಿನಿಂದ ಟೆಸ್ಟ್ ರೈಡಿಗೆಂದು ಗಾಡಿ ಇಸಕೊಂಡು ಮನೆಯ ಕಡೆಗೇ ಬಿಟ್ಟೆ. ಒದೆಯಲು ಲಿವರಿಲ್ಲ, ಗೇರಿಲ್ಲ, ಕಾಲಿಗೆ ಉದ್ಯೋಗವೇ ಇಲ್ಲ. ಬೆಣ್ಣೆಯಲ್ಲಿ ಕೂದಲೆಳೆದಂತೆ ಗೇಟಿಗೆ ಬಂದು ನಿಂತಿತು. ಒಳಗೆ ಅವಳು ತಂಗಿಯ ಜೊತೆ ಫೋನಿನಲ್ಲಿ, ‘ನಿಮ್ಮ ಭಾವನಾ? ಬೈಕ್ ನೋಡಕ್ಕೆ ಹೋಗಿದಾರೆ. ತಗೊಳ್ಳಲ್ಲ ಬಿಡೇ, ಮದುವೆಯಾದಾಗಿಂದ ನೋಡ್ತಾನೇ ಇದಾರೆ’ ಅನ್ನುತ್ತಿದ್ದಳು.

ಬಂದಷ್ಟೇ ನಿಶ್ಶಬ್ದವಾಗಿ ಬೀದಿಯ ತಿರುವಿನವರೆಗೆ ವಾಪಸು ಹೋಗಿ, ಅಲ್ಲಿಂದ ಹಾರನ್ನು ಒತ್ತುತ್ತಾ ಬಂದೆ. ಗೇಟು ತೆಗೆಯುವ ಹೊತ್ತಿಗೆ ಸ್ಟವ್ವಿನ ಮೇಲೆ ಹಾಲಿನ ಪಾತ್ರೆ ಇಟ್ಟ ಸದ್ದು ಕೇಳಿಸಿತು.