ಪದಗಳಿಗೂ ಬೇಕು ಆರೈಕೆ

ಮಕ್ಕಳೇ, ಕಮಲಾಪುರದ ಕೆಂಪು ಬಾಳೆಹಣ್ಣು ನಿಮಗೆಲ್ಲ ಗೊತ್ತು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹಣ್ಣು ಅದು. ವಿಜ್ಞಾನ ಪಾಠಕ್ಕೆಂದು ಕಮಲಾಪುರದ ಒಂದು ಶಾಲೆಗೆ ಹೋದಾಗ ಆ ಹಣ್ಣನ್ನು ಮೇಜಿನ ಮೇಲಿಟ್ಟು, "ಇದೇನು?" ಎಂದು ಕೇಳಿದೆ. ಐದನೇ ತರಗತಿಯ ಒಬ್ಬ ಹುಡುಗಿ, "ಅದು... ತಿನ್ನೋದು" ಎಂದಳು. ತರಗತಿ ನಕ್ಕಿತು. ಅವಳು ಆ ದಿನ ಮತ್ತೆ ಬಾಯಿ ಬಿಡಲಿಲ್ಲ.

ಅವಳಿಗೆ ಹಣ್ಣು ಗೊತ್ತಿತ್ತು, ಹೆಸರು ಮಾತ್ರ ಬೇಗ ನೆನಪಿಗೆ ಬರುತ್ತಿರಲಿಲ್ಲ. ಇಂಥ ತೊಂದರೆಯಲ್ಲಿ ನೆರವಾಗುವವರು ವಾಕ್ ಚಿಕಿತ್ಸಕರು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇವರಿಗೆ ತರಬೇತಿ ಕೊಡುತ್ತಾರೆ.

ಚಿಕಿತ್ಸಕರು ಮೊದಲು ಕಿವಿಯ ಪರೀಕ್ಷೆ ಮಾಡಿಸುತ್ತಾರೆ. ಏಕೆ ಗೊತ್ತೇ? ನಾವು ಪದಗಳನ್ನು ಕಲಿಯುವುದು ಹೆಚ್ಚಾಗಿ ಕೇಳಿಯೇ. ಕಿವಿತಮಟೆಯ ಹಿಂದೆ ದ್ರವ ತುಂಬಿದರೆ ಶಬ್ದ ಮಂದವಾಗಿ ಕೇಳುತ್ತದೆ. ಬಳಿಕ ಮನೆಮಾತನ್ನು ವಿಚಾರಿಸುತ್ತಾರೆ. ಕಲಬುರಗಿ ನಗರದಲ್ಲಿ ಕನ್ನಡ, ಉರ್ದು, ಲಂಬಾಣಿ, ತೆಲುಗು, ಮರಾಠಿ ಆಡುವ ಮನೆಗಳಿವೆ. ಈರುಳ್ಳಿಗೆ 'ಉಳ್ಳಾಗಡ್ಡಿ' ಅಥವಾ 'ಪ್ಯಾಜ್' ಎನ್ನುವ ಮಗುವಿಗೆ ಪದ ಗೊತ್ತಿದೆ. ಅದು ದೋಷವಲ್ಲ.

ಆ ಹುಡುಗಿಯನ್ನು ತಂದೆತಾಯಿ ಕಲಬುರಗಿಯಲ್ಲಿ ಒಬ್ಬ ಚಿಕಿತ್ಸಕರಿಗೆ ತೋರಿಸಿದರು. ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿ ಔಷಧಿಯಿಲ್ಲ, ಸೂಜಿಯಿಲ್ಲ. ಇರುವುದು ಮಾತಿನ ಆಟ. ಹಣ್ಣನ್ನು ಕೈಗೆ ಕೊಟ್ಟು ಕೇಳಿದರು: ಯಾವ ಗುಂಪಿನದು? ಬಣ್ಣವೇನು? ಎಲ್ಲಿ ಬೆಳೆಯುತ್ತದೆ? ಏನು ಮಾಡುತ್ತೇವೆ? ನಮ್ಮ ಮಿದುಳಿನಲ್ಲಿ ಪದಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಂದು ಎಳೆ ಹಿಡಿದರೆ ಇನ್ನೊಂದು ಸಿಗುತ್ತದೆ. ಅವಳು "ಬಾಳೆ" ಎಂದಾಗ ಅವರು, "ಹೌದು, ಕೆಂಪು ಬಾಳೆ" ಎಂದು ಒಂದು ಪದ ಸೇರಿಸಿ ಹೇಳಿದರು. ಅವಳೂ ಹಾಗೆಯೇ ಹೇಳಿದಳು.

ಈ ಕಲಿಕೆಗೆ ತಿಂಗಳುಗಳೇ ಬೇಕು. ಈಗಲೂ ಅವಳು ಕೆಲವೊಮ್ಮೆ ತಡವರಿಸುತ್ತಾಳೆ. ಆದರೆ ಸುಮ್ಮನಾಗುವುದಿಲ್ಲ. "ಎತ್ತಿಗೆ ಕಟ್ಟೋದು, ಹೊಲ ಹರಗೋದು" ಎಂದು ಸುತ್ತಿಬಳಸಿ ಕೊನೆಗೆ "ಕುಂಟಿ!" ಎನ್ನುತ್ತಾಳೆ.

ನಿಮ್ಮ ತರಗತಿಯಲ್ಲೂ ಇಂಥ ಗೆಳೆಯರು ಇರಬಹುದು. ಅವರು ಪದ ಹುಡುಕುವಾಗ ನಗಬೇಡಿ, ಸ್ವಲ್ಪ ಕಾಯಿರಿ. ಆಮೇಲೆ ಒಂದು ಸುಳಿವು ಕೊಡಿ. ನಿಮಗೇ ಕಿವಿ ಸೋರುತ್ತಿದ್ದರೆ, ಸರಿಯಾಗಿ ಕೇಳದಿದ್ದರೆ ಗುರುಗಳಿಗೆ ತಿಳಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗಲೂ ಹೇಳಿ.

ಮಾಡಿ ನೋಡಿ: ಒಂದು ವಸ್ತುವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಹೆಸರು ಹೇಳದೆ ಗುಂಪು, ಬಣ್ಣ, ಜಾಗ, ಉಪಯೋಗ ಎಂಬ ನಾಲ್ಕು ಸುಳಿವು ಕೊಡಿ. ಗೆಳೆಯರು ಎಷ್ಟನೇ ಸುಳಿವಿಗೆ ಹೆಸರು ಹೇಳಿದರು? ಬರೆದಿಟ್ಟುಕೊಳ್ಳಿ.