ಬಸ್ಸು ಮಿಸ್ಸಾಯ್ತು: ಪ್ರಯಾಣದ ಪಾಠ ಮತ್ತು ಇಂಗ್ಲಿಷ್ ವ್ಯಾಕರಣ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಮಾಡುವ ಇಂಗ್ಲಿಷ್ ಪಾಠಗಳನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಾ ಬಂದಿದ್ದೇನೆ. ಪ್ರಯಾಣ, ವಾಹನ, ನಗರ ಸಾರಿಗೆ ಎಂಬ ವಿಷಯ ಬಂತೆಂದರೆ ಹೆಚ್ಚಿನವರು ತರುವ ಪಾಠೋಪಕರಣ ಒಂದೇ: ಬಸ್ಸು, ರೈಲು, ವಿಮಾನ, ಹಡಗಿನ ಚಿತ್ರಗಳಿರುವ ಚಾರ್ಟು. ಮಕ್ಕಳು ಚಿತ್ರ ನೋಡಿ ಹೆಸರು ಹೇಳುತ್ತಾರೆ. ಇಬ್ಬರು ಮುಂದೆ ಬಂದು ಒಬ್ಬ ಕಂಡಕ್ಟರ್, ಇನ್ನೊಬ್ಬ ಪ್ರಯಾಣಿಕ ಆಗಿ ಬಾಯಿಪಾಠ ಮಾಡಿದ ಸಂಭಾಷಣೆಯನ್ನು ಒಪ್ಪಿಸುತ್ತಾರೆ. ಕರಿಹಲಗೆಯ ಮೇಲೆ ನಿಯಮ ಬರುತ್ತದೆ, ಬೆಲ್ ಹೊಡೆಯುತ್ತದೆ.

ಪಾಠ ಅಚ್ಚುಕಟ್ಟಾಗಿಯೇ ನಡೆದಿರುತ್ತದೆ. ಆದರೆ ಆ ಅವಧಿಯಲ್ಲಿ ತನಗೆ ಗೊತ್ತಿಲ್ಲದ ಒಂದೇ ಒಂದು ಸಂಗತಿಯನ್ನು ಯಾರೂ ಯಾರನ್ನೂ ಕೇಳಿರುವುದಿಲ್ಲ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಇಂಗ್ಲಿಷಿನಲ್ಲಿ ಹನೂರಿಗೆ ಟಿಕೆಟ್ ಕೇಳುವವರು ಯಾರು? ಕಂಡಕ್ಟರ್ ಮಾತಾಡುವುದು ನಮ್ಮ ಸೀಮೆಯ ಕನ್ನಡವನ್ನೇ ಎಂದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಆ ನಾಟಕ ನಡೆಯುವಾಗ ಅವರು ನಗುತ್ತಾರೆ. ಆ ನಗುವನ್ನು ನಾವು ಅವಲೋಕನ ಪುಸ್ತಕದಲ್ಲಿ ‘ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು’ ಎಂದು ಬರೆಯುತ್ತೇವೆ.

ಪ್ರಯಾಣ ಇಂಗ್ಲಿಷ್ ಕಲಿಸಲು ಬಲು ಒಳ್ಳೆಯ ವಿಷಯವೆಂಬುದರಲ್ಲಿ ಅನುಮಾನವಿಲ್ಲ. ನಮ್ಮ ಮಕ್ಕಳಿಗೆ ಅದರಲ್ಲಿ ಹೇಳಲು ಬೇಕಾದಷ್ಟಿದೆ. ಎಲ್ಲಿ ಎಡವುತ್ತಾರೆ ಎಂಬುದನ್ನು ಮಾತ್ರ ನಾವು ಮೊದಲು ಸರಿಯಾಗಿ ನೋಡಬೇಕು.

ಅವರ ನೋಟ್‌ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳು ಗಮನವಿಲ್ಲದೆ ಆದವಲ್ಲ. ಕನ್ನಡದ ಲೆಕ್ಕದಲ್ಲಿ ಅವೆಲ್ಲ ಸರಿ. ‘ಬಸ್ಸಲ್ಲಿ ಬಂದೆ’, ‘ಬಸ್ಸಲ್ಲಿ ನಿಂತಿದ್ದೆ’, ‘ಆಟೋದಲ್ಲಿ ಕೂತೆ’, ‘ಸ್ಟ್ಯಾಂಡಲ್ಲಿ ಕಾದೆ’. ನಾಲ್ಕಕ್ಕೂ ಕನ್ನಡದಲ್ಲಿ ಒಂದೇ ಸಪ್ತಮಿ ‘ಅಲ್ಲಿ’. ಇಂಗ್ಲಿಷಿನಲ್ಲಿ ಅದೇ ನಾಲ್ಕು ಕಡೆ ‘ಬೈ’, ‘ಆನ್’, ‘ಇನ್’, ‘ಎಟ್’ ಎಂದು ಒಡೆದುಹೋಗುತ್ತದೆ. ಹನೂರು ತಾಲ್ಲೂಕಿನ ಮಾರ್ಟಳ್ಳಿ ಕಡೆಯ, ಮನೆಯಲ್ಲಿ ತಮಿಳು ಮಾತಾಡುವ ಮಕ್ಕಳದ್ದೂ ಇದೇ ಕಥೆ. ತಮಿಳಿನಲ್ಲಿಯೂ ಇಂಥ ಕಡೆಗೆಲ್ಲ ಒಂದೇ ಪ್ರತ್ಯಯ ಸಾಕು. ಚತುರ್ಥಿಯೂ ಹಾಗೆಯೇ. ‘ಏಳು ಗಂಟೆಗೆ’ ಎನ್ನುವಲ್ಲಿ ‘ಎಟ್’ ಬೇಕು, ‘ಹನೂರಿಗೆ ಹೋದೆ’ ಎನ್ನುವಲ್ಲಿ ‘ಟು’ ಬೇಕು, ‘ಹನೂರಿಗೆ ತಲುಪಿದೆ’ ಎನ್ನುವಲ್ಲಿ ಏನೂ ಬೇಡ. ‘ರೀಚ್ಡ್ ಟು ಹನೂರ್’ ಎಂದು ಬರೆದ ಮಗು ತನ್ನ ಭಾಷೆಯ ವಿಭಕ್ತಿಯನ್ನು ನಿಷ್ಠೆಯಿಂದ ಪಾಲಿಸಿದೆ, ಅಷ್ಟೆ.

ಇನ್ನೊಂದು ಸೊಗಸಾದ ವಾಕ್ಯ ಒಂಬತ್ತನೇ ತರಗತಿಯ ಹುಡುಗನದ್ದು. ಕೊಳ್ಳೇಗಾಲದಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸು ‘ಗೋಸ್ ಎಬವ್ ಯಳಂದೂರ್’ ಎಂದು ಅವನು ಬರೆದಿದ್ದ. ಪ್ರಶಿಕ್ಷಣಾರ್ಥಿ ಅದಕ್ಕೆ ಕೆಂಪು ಗೆರೆ ಎಳೆದು ‘ಬಸ್ಸೇನು ವಿಮಾನವೇ?’ ಎಂದು ಕೇಳಿದರು. ತರಗತಿ ನಕ್ಕಿತು. ಆದರೆ ನಾವೆಲ್ಲ ಆಡುವುದೇ ‘ಯಳಂದೂರು ಮೇಲೆ ಹೋಗುತ್ತೆ’ ಎಂದಲ್ಲವೇ? ಅವನು ತಾನು ಬಲ್ಲ ಮಾತನ್ನೇ ದಾಟಿಸಿದ್ದ. ‘ವಯಾ’ ಎಂಬ ಪದ ಎಷ್ಟೋ ಬಸ್ಸಿನ ಬೋರ್ಡಿನ ಮೇಲೆ ಕನ್ನಡ ಅಕ್ಷರದಲ್ಲೇ ಇರುತ್ತದೆ, ಅವನು ಓದಿಯೂ ಇರುತ್ತಾನೆ. ‘ಮೇಲೆ’ ಮತ್ತು ‘ವಯಾ’ ಎರಡೂ ಒಂದೇ ಎಂದು ಜೋಡಿಸಿಕೊಟ್ಟರೆ ಒಂದು ನಿಮಿಷದಲ್ಲಿ ಮುಗಿಯುವ ಕೆಲಸ.

‘ಬಸ್ಸು ಮಿಸ್ಸಾಯ್ತು’ ಎನ್ನುವುದಂತೂ ಎಲ್ಲರ ಬಾಯಲ್ಲಿರುವ ಮಾತು. ಇಲ್ಲಿ ಕರ್ತೃ ಬಸ್ಸು. ನಾನು ಪಕ್ಕದಲ್ಲಿ ನಿಂತವನು, ತಪ್ಪು ನನ್ನದಲ್ಲ. ಹಾಗಾಗಿ ಮಗು ‘ದ ಬಸ್ ಮಿಸ್ಡ್’ ಎಂದು ಬರೆಯುತ್ತದೆ. ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ, ‘ಐ ಮಿಸ್ಡ್ ದ ಬಸ್’ ಎನ್ನಬೇಕು. ಈ ವ್ಯತ್ಯಾಸವನ್ನು ಹೀಗೆ ಕನ್ನಡದಲ್ಲೇ ಬಿಡಿಸಿ ಹೇಳಿದಾಗ ಮಕ್ಕಳ ಕಣ್ಣು ಅರಳುವುದನ್ನು ಕಂಡಿದ್ದೇನೆ. ‘ಟ್ರಾನ್ಸಿಟಿವ್ ವರ್ಬ್’ ಎಂಬ ಹೆಸರು ಆ ಮೇಲೆ ಬಂದರೂ ನಡೆಯುತ್ತದೆ. ಇನ್ನು ‘ಐ ಕಮ್ ಬೈ ವಾಕ್’. ಇದನ್ನು ತಿದ್ದಿ ‘ಆನ್ ಫುಟ್’ ಎಂದು ಬರೆಸುತ್ತೇವೆ. ಅದಕ್ಕಿಂತ ‘ಐ ವಾಕ್ ಟು ಸ್ಕೂಲ್’ ಸರಳ, ಸಹಜ. ದಿನವೂ ನಡೆದೇ ಬರುವ ಮಗುವಿಗೆ ಮೊದಲು ಬೇಕಾದದ್ದು ಆ ವಾಕ್ಯ.

ಇಷ್ಟು ತಿಳಿದ ಮೇಲೆ ಪಾಠವನ್ನು ಎಲ್ಲಿಂದ ಶುರುಮಾಡಬೇಕು? ಹನೂರಿನಾಚೆಯ ಒಂದು ಶಾಲೆಗೆ ಹೋಗಿದ್ದ ಪ್ರಶಿಕ್ಷಣಾರ್ಥಿಯೊಬ್ಬರ ಪಾಠ ನನಗೆ ಇದಕ್ಕೆ ಉತ್ತರ ಕೊಟ್ಟಿತು. ಅವರು ಕೊಡಗಿನವರು, ಕೊಳ್ಳೇಗಾಲದಲ್ಲಿ ರೂಮು ಮಾಡಿಕೊಂಡಿದ್ದರು, ಈ ಕಡೆಯ ಬಸ್ಸುಗಳ ಗಂಧಗಾಳಿ ಇರಲಿಲ್ಲ. ಮೊದಲ ದಿನ ಅವರು ಚಾರ್ಟು ತೂಗುಹಾಕಲಿಲ್ಲ. ತಾವು ಕೊಳ್ಳೇಗಾಲದಲ್ಲಿರುವುದಾಗಿಯೂ, ನಾಳೆ ಪ್ರಾರ್ಥನೆಗೆ ಮುಂಚೆ ಶಾಲೆಯಲ್ಲಿರಬೇಕೆಂದೂ, ಯಾವ ಬಸ್ಸು ಹತ್ತಬೇಕೆಂದೂ ಸರಳ ಇಂಗ್ಲಿಷಿನಲ್ಲಿ ಕೇಳಿ, ಡೈರಿ ತೆರೆದು ಪೆನ್ನು ಹಿಡಿದು ನಿಂತರು.

ಮೊದಲು ಕನ್ನಡದಲ್ಲಿ ಗದ್ದಲವಾಯಿತು. ‘ಮಿಸ್, ಆ ಬಸ್ಸು ಇಲ್ಲಿ ನಿಲ್ಲಲ್ಲ ಕನ, ಸೀದಾ ಕೌದಳ್ಳಿಗೆ ಓಯ್ತದ’ ಎಂದು ಒಬ್ಬ ಹೇಳಿದರೆ, ನಿಲ್ಲುತ್ತದೆ ಎಂದು ಇನ್ನೊಬ್ಬಳು ವಾದಿಸಿದಳು. ಅವರು ಕನ್ನಡವನ್ನು ತಡೆಯಲಿಲ್ಲ. ಡೈರಿಗೆ ಬರೆಯುವುದು ಮಾತ್ರ ಇಂಗ್ಲಿಷಿನಲ್ಲಿ ಎಂದರು. ‘ಗೌರ್ಮೆಂಟ್ ಬಸ್ ನಾಟ್ ಸ್ಟಾಪ್. ಪ್ರೈವೇಟ್ ಬಸ್ ಸ್ಟಾಪ್’ ಎಂದಿತು ತರಗತಿ. ‘ಓ, ದ ಗೌರ್ಮೆಂಟ್ ಬಸ್ ಡಸ್ ನಾಟ್ ಸ್ಟಾಪ್ ಹಿಯರ್. ಡಸ್ ದ ಪ್ರೈವೇಟ್ ಬಸ್ ಸ್ಟಾಪ್?’ ಎಂದು ಅವರು ತಿರುಗಿ ಕೇಳುತ್ತಾ, ಉತ್ತರವನ್ನು ಹಲಗೆಯ ಮೇಲೆ ಬರೆಯುತ್ತಾ ಹೋದರು. ಹನ್ನೊಂದು ವಾಕ್ಯಗಳಾದವು. ಯಾವುದೂ ಪುಸ್ತಕದ್ದಲ್ಲ. ‘ಡಸ್’ ಎಂಬ ಪದ ಏಕೆ ಬೇಕೆಂದು ಯಾರಿಗೂ ಹೇಳಬೇಕಾಗಿ ಬರಲಿಲ್ಲ. ನಿಲ್ಲುತ್ತದೋ ಇಲ್ಲವೋ ಎಂಬ ಜಗಳವೇ ಅದನ್ನು ಕೇಳುತ್ತಿತ್ತು.

ಮರುದಿನ ಅವರು ಮಕ್ಕಳು ಹೇಳಿದ ಬಸ್ಸಿನಲ್ಲೇ ಬಂದರು. ತರಗತಿ ಕಾದು ಕುಳಿತಿತ್ತು. ‘ಐ ಟುಕ್ ಯುವರ್ ಬಸ್. ಇಟ್ ಲೆಫ್ಟ್ ಲೇಟ್. ಇಟ್ ಡಿಡ್ ನಾಟ್ ಸ್ಟಾಪ್ ಎಟ್ ದ ಸ್ಕೂಲ್. ಐ ವಾಕ್ಡ್ ಫ್ರಮ್ ದ ಸರ್ಕಲ್’ ಎಂದರು. ನಿನ್ನೆ ಹಲಗೆಯಲ್ಲಿದ್ದ ‘ಲೀವ್ಸ್’ ರಾತ್ರಿ ಕಳೆಯುವಷ್ಟರಲ್ಲಿ ‘ಲೆಫ್ಟ್’ ಆಗಿತ್ತು, ‘ಡಸ್ ನಾಟ್’ ಹೋಗಿ ‘ಡಿಡ್ ನಾಟ್’ ಬಂದಿತ್ತು. ಎರಡು ದಿನದ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಬರೆದು, ಕೊನೆಯ ಐದು ನಿಮಿಷದಲ್ಲಿ ನಿಯಮವನ್ನು ಮಕ್ಕಳಿಂದಲೇ ಹೇಳಿಸಿದರು. ನಿಯಮವನ್ನು ಅವರು ಬಿಡಲಿಲ್ಲ, ಕೊನೆಗೆ ಇಟ್ಟರು. ಇದನ್ನು ಒತ್ತಿ ಹೇಳುತ್ತೇನೆ. ‘ನಿಜ ಸನ್ನಿವೇಶ’ ಎಂದ ಕೂಡಲೇ ವ್ಯಾಕರಣ ಬೇಡವೆಂದು ತಿಳಿಯುವವರು ನಮ್ಮಲ್ಲಿದ್ದಾರೆ.

ಇದು ಹೊಸ ವಿಚಾರವೇನೂ ಅಲ್ಲ, ನಮ್ಮ ನೆಲದಲ್ಲೇ ಹುಟ್ಟಿದ್ದು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ನಡೆದ ಪ್ರಯೋಗ ಇಂದಿಗೂ ಜಗತ್ತಿನಾದ್ಯಂತ ‘ಬೆಂಗಳೂರು ಯೋಜನೆ’ ಎಂದೇ ಹೆಸರಾಗಿದೆ. ಮಗುವಿನ ಗಮನ ಅರ್ಥದ ಮೇಲಿದ್ದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಅವರು ಕೊಟ್ಟ ಚಟುವಟಿಕೆಗಳಲ್ಲಿ ರೈಲು ವೇಳಾಪಟ್ಟಿ ಓದುವುದು, ನಕ್ಷೆ ನೋಡಿ ದಾರಿ ಹೇಳುವುದು ಸೇರಿದ್ದವು. ಮೊದಲು ಇಡೀ ತರಗತಿಯೊಂದಿಗೆ ಶಿಕ್ಷಕರು ಒಂದನ್ನು ಮಾಡಿ ತೋರಿಸುವುದು, ಬಳಿಕ ಅಂಥದ್ದೇ ಇನ್ನೊಂದನ್ನು ಮಗು ತಾನೇ ಮಾಡುವುದು ಅವರ ಕ್ರಮ. ಗುಂಪು ಚಟುವಟಿಕೆಗೆ ಅವರು ಒಲವು ತೋರಲಿಲ್ಲ ಎಂಬುದನ್ನು ಎಲ್ಲಕ್ಕೂ ಗುಂಪು ಮಾಡುವ ನಾವು ಯೋಚಿಸಬೇಕು. ತರಗತಿಯ ಅರ್ಧದಷ್ಟು ಮಕ್ಕಳು ಕೆಲಸದ ಅರ್ಧವನ್ನಾದರೂ ಸರಿಯಾಗಿ ಮಾಡಿದರೆ ಆ ಕೆಲಸದ ಮಟ್ಟ ತಕ್ಕದ್ದು ಎಂಬ ಅವರ ಅಳತೆ ಪ್ರಶಿಕ್ಷಣಾರ್ಥಿಗಳಿಗೆ ತುಂಬ ಧೈರ್ಯ ಕೊಡುತ್ತದೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ ರೈಲು ನಿಲ್ದಾಣವೇ ಇಲ್ಲ. ಈ ಕೊರತೆಯೇ ಒಳ್ಳೆಯ ಲೆಕ್ಕ ಕೊಡುತ್ತದೆ. ಚಾಮರಾಜನಗರದಿಂದ ರೈಲು ಇಷ್ಟು ಗಂಟೆಗೆ ಹೊರಡುತ್ತದೆ. ಯಳಂದೂರಿನಿಂದ ಮೂರು ಬಸ್ಸುಗಳಿವೆ. ಸಂತೇಮರಹಳ್ಳಿಯಲ್ಲಿ ಇಷ್ಟು ಹೊತ್ತು ನಿಲ್ಲುತ್ತದೆ. ಯಾವ ಬಸ್ಸು ಹತ್ತಬೇಕು, ಏಕೆ? ‘ಬಿಕಾಸ್’ ಇಲ್ಲದೆ ಇದಕ್ಕೆ ಉತ್ತರವಿಲ್ಲ. ಹೊರಡುವುದು ನಾಳೆಯಾದರೂ ‘ಲೀವ್ಸ್’ ಎನ್ನಬೇಕೆಂಬುದು ಕನ್ನಡದ ಮಗುವಿಗೆ ಕಷ್ಟವೂ ಅಲ್ಲ. ‘ನಾಳೆ ಏಳಕ್ಕೆ ಹೊರಡುತ್ತೆ’, ‘ದಿನಾ ಏಳಕ್ಕೆ ಹೊರಡುತ್ತೆ’: ನಮ್ಮಲ್ಲೂ ರೂಪ ಒಂದೇ. ಎಡವುವ ಕಡೆ ಮಾತ್ರವಲ್ಲ, ಹೀಗೆ ಕನ್ನಡ ಕೈಹಿಡಿಯುವ ಕಡೆಯನ್ನೂ ಪಾಠಯೋಜನೆಯಲ್ಲಿ ಗುರುತಿಸಿಕೊಳ್ಳಬೇಕು.

ಮಾತಿನ ಕಥೆ ಹೀಗಾದರೆ, ಪ್ರಯಾಣದಲ್ಲಿ ಇಂಗ್ಲಿಷ್ ನಿಜವಾಗಿ ಎದುರಾಗುವುದು ಓದಿನಲ್ಲಿ. ಯಳಂದೂರಿನ ಒಂದು ತರಗತಿಯಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ನಮ್ಮ ಮೆಟ್ರೋ ನಕ್ಷೆ ತಂದಿದ್ದರು. ಆಯ್ಕೆ ಚೆನ್ನಾಗಿತ್ತು. ನಮ್ಮ ಕಡೆಯಿಂದ ಕನಕಪುರ ರಸ್ತೆಯಲ್ಲಿ ಬೆಂಗಳೂರಿಗೆ ಹೋದವರಿಗೆ ಸಿಗುವ ಹಸಿರು ಮಾರ್ಗದ ಕೊನೆಯ ನಿಲ್ದಾಣದ ಹೆಸರು ರೇಷ್ಮೆ ಸಂಸ್ಥೆ. ರೇಷ್ಮೆಯ ಊರು ಕೊಳ್ಳೇಗಾಲದ ಪಕ್ಕದ ಮಕ್ಕಳಿಗೆ ಆ ಹೆಸರೇ ಒಂದು ನೆಂಟಸ್ತಿಕೆ. ಅಲ್ಲಿ ಹತ್ತಿ ಇಂದಿರಾನಗರಕ್ಕೆ ಹೋಗಬೇಕು, ಎಲ್ಲಿ ಬದಲಾಯಿಸಬೇಕು? ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗ ಹಿಡಿಯಬೇಕೆಂದು ಹಲವರು ಕಂಡುಕೊಂಡರು. ನಕ್ಷೆಯಲ್ಲಿ ಕನ್ನಡವೂ ಇದ್ದುದರಿಂದ ಮೊದಲು ಅದನ್ನು ಓದಿ ಇಂಗ್ಲಿಷನ್ನು ಹೊಂದಿಸಿಕೊಂಡರು. ‘ಮುಂದಿನ ನಿಲ್ದಾಣ ಮೆಜೆಸ್ಟಿಕ್’ ಎಂಬ ಕನ್ನಡ ವಾಕ್ಯಕ್ಕೆ ಕ್ರಿಯಾಪದ ಬೇಡ, ಇಂಗ್ಲಿಷಿಗೆ ‘ಈಸ್’ ಬೇಕು ಎಂಬುದೂ ಹಲಗೆಯ ಮೇಲೆ ಬಂತು.

ಆಗ ಒಬ್ಬ ಹುಡುಗಿ ಎದ್ದು ನಿಂತು, ತನ್ನ ಅಕ್ಕ ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಾಳೆ, ಮೆಟ್ರೋದಲ್ಲಿ ಅವಳಿಗೆ ತೊಂದರೆಯಿಲ್ಲ, ಬೋರ್ಡು ಕನ್ನಡದಲ್ಲಿದೆ ಎಂದಳು. ತೊಂದರೆಯಾದದ್ದು ಹಬ್ಬಕ್ಕೆ ಊರಿಗೆ ಬರುವಾಗ. ಮೊದಲೇ ದುಡ್ಡು ಕಟ್ಟಿದ್ದ ಬಸ್ಸಿನ ಬಗ್ಗೆ ಫೋನಿಗೆ ಇಂಗ್ಲಿಷಿನಲ್ಲಿ ಸಂದೇಶ ಬಂದಿತ್ತಂತೆ, ‘ಹ್ಯಾಸ್ ಬೀನ್ ಕ್ಯಾನ್ಸಲ್ಡ್’ ಎಂದು. ಅಕ್ಕ ಅದನ್ನು ಬಸ್ಸು ಖಾತ್ರಿಯಾದ ಸಂದೇಶವೆಂದು ತಿಳಿದು ರಾತ್ರಿ ಹನ್ನೊಂದರವರೆಗೆ ರಸ್ತೆಬದಿಯಲ್ಲಿ ಒಬ್ಬಳೇ ಕಾದಳಂತೆ. ತರಗತಿ ಸುಮ್ಮನಾಯಿತು. ಪ್ರಶಿಕ್ಷಣಾರ್ಥಿ ನಕ್ಷೆಯನ್ನು ಮಡಿಸಿಟ್ಟು ಆ ವಾಕ್ಯವನ್ನು ಹಲಗೆಯ ಮೇಲೆ ಬರೆದರು.

ಪ್ಯಾಸಿವ್ ವಾಯ್ಸ್ ಎಂದರೆ ರಾಮ ರಾವಣನನ್ನು ಕೊಂದದ್ದನ್ನು ತಿರುಗಿಸಿ ಬರೆಯುವುದೆಂದು ನಾವು ಕಲಿಸುತ್ತಾ ಬಂದಿದ್ದೇವೆ. ಆ ರೂಪ ಮಗುವಿನ ಬದುಕಿಗೆ ಬರುವುದು ಇಂಥ ಸಂದೇಶಗಳಲ್ಲಿ, ಸೂಚನಾ ಫಲಕಗಳಲ್ಲಿ. ಯಾರು ರದ್ದು ಮಾಡಿದರು, ಯಾರು ಬದಲಾಯಿಸಿದರು ಎಂದು ಹೇಳದೆ ಆಗಿಹೋದದ್ದನ್ನು ಮಾತ್ರ ತಿಳಿಸುವ ವಾಕ್ಯಗಳವು. ‘ಬಸ್ಸು ರದ್ದಾಗಿದೆ’ ಎಂಬ ಕನ್ನಡವೂ ಹಾಗೆಯೇ ಇದೆ. ಆ ಜೋಡಿಯನ್ನು ಒಮ್ಮೆ ಕಂಡ ಮಗು ಮರೆಯುವುದಿಲ್ಲ. ಬೆಟ್ಟದ ದಾರಿಯ ತಿರುವುಗಳಲ್ಲಿರುವ ‘ಗೋ ಸ್ಲೋ’, ಲಾರಿಯ ಹಿಂದಿನ ‘ಸೌಂಡ್ ಹಾರ್ನ್’ ಇವೂ ಓದಿಗೆ ಬರಲಿ. ಕರ್ತೃವಿಲ್ಲದೆ ಕ್ರಿಯಾಪದದಿಂದಲೇ ಆರಂಭವಾಗುವ ಆಜ್ಞಾವಾಕ್ಯಕ್ಕೆ ಇವಕ್ಕಿಂತ ಚಿಕ್ಕ ಪಾಠವಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಬರವಣಿಗೆಯಲ್ಲಿ ತಾಯಿಯೊಂದಿಗಿನ ಪ್ರಯಾಣ ಹೆಚ್ಚಾಗಿ ಕಾಣುತ್ತಿದೆ. ‘ವಿ ಡಿಡ್ ನಾಟ್ ಪೇ. ಮೈ ಬ್ರದರ್ ಪೇಯ್ಡ್’ ಎಂದು ಒಬ್ಬಳು ಬರೆದಿದ್ದಳು. ಎರಡೇ ವಾಕ್ಯದಲ್ಲಿ ಭೂತಕಾಲವೂ ಅದರ ನಿಷೇಧರೂಪವೂ ಬಂದಿವೆ.

‘ಮೇಡಂ, ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಬಸ್ಸಿನ ಬಗ್ಗೆ ಕೇಳುವುದಿಲ್ಲವಲ್ಲ’ ಎಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪರೀಕ್ಷೆ ಕೇಳುವುದು ಇದೇ ‘ಡಸ್’, ಇದೇ ‘ಬೈ’, ಇದೇ ‘ಹ್ಯಾಸ್ ಬೀನ್’ಗಳನ್ನು. ಅವನ್ನು ಮಗು ಒಮ್ಮೆಯಾದರೂ ಬೇಕಾಗಿ ಬಳಸಿರಬೇಕು ಎಂಬುದಷ್ಟೇ ನನ್ನ ಮಾತು. ಸಮಯ ಸಾಲದು ಎಂಬುದೂ ನಿಜ. ಅದಕ್ಕೆ ದಾರಿ ಘಟಕ ಯೋಜನೆಯಲ್ಲೇ ಇದೆ: ಎರಡು ಅವಧಿ ಮಾತಿಗೆ, ಒಂದು ವೇಳಾಪಟ್ಟಿಗೆ, ಒಂದು ಓದಿಗೆ, ಪ್ರತಿ ಅವಧಿಯ ಕೊನೆಯ ಐದು ನಿಮಿಷ ನಿಯಮಕ್ಕೆ.

ಮುಂದಿನ ತಂಡದವರು ಶಾಲೆಗೆ ಹೋದ ಮೊದಲ ವಾರದಲ್ಲೇ ಮೂರು ಕೆಲಸ ಮಾಡಲಿ. ಆ ಊರಿನ ಬಸ್ಸುಗಳ ವೇಳೆಯನ್ನು ಮಕ್ಕಳಿಂದ ಕೇಳಿ ಬರೆದುಕೊಳ್ಳಲಿ. ಅವರು ಆಡುವ ಪ್ರಯಾಣದ ಮಾತುಗಳನ್ನು ಕನ್ನಡದಲ್ಲಿ ಇದ್ದ ಹಾಗೆಯೇ ಪಟ್ಟಿಮಾಡಿ, ಎದುರಿಗೆ ಇಂಗ್ಲಿಷಿನಲ್ಲಿ ಏನು ಬದಲಾಗುತ್ತದೆಂದು ಗುರುತಿಸಲಿ. ಮನೆಯವರ ಫೋನಿಗೆ ಬಂದ ಪ್ರಯಾಣದ ಸಂದೇಶಗಳಲ್ಲಿ ಹೆಸರು, ನಂಬರು ಬಿಟ್ಟು ವಾಕ್ಯವನ್ನಷ್ಟೇ ಬರೆದು ತರುವಂತೆ ಮಕ್ಕಳಿಗೆ ಹೇಳಲಿ. ಈ ಮೂರನ್ನೂ ಒಂದು ನೋಟ್‌ಪುಸ್ತಕದಲ್ಲಿ ಸೇರಿಸಿ ಹಿಂತಿರುಗಿದ ಮೇಲೆ ನಮ್ಮ ಇಂಗ್ಲಿಷ್ ವಿಭಾಗಕ್ಕೆ ಕೊಟ್ಟರೆ, ಅವರ ನಂತರ ಅದೇ ಶಾಲೆಗೆ ಹೋಗುವವರು ಅಲ್ಲಿಂದ ಮುಂದುವರಿಸಬಹುದು.